ಯಾರದೂ ಅಲ್ಲದ ಹೆಸರುಗಳು

ನನಗೆ ಕಾಯುವುದೆಂದರೆ ಆಗುವುದಿಲ್ಲ. ಆದರೆ ನಮ್ಮೂರಿನಲ್ಲಿ ಕಾಯದೆ ಬದುಕಿದವರು ಯಾರೂ ಇಲ್ಲ. ಸಂಜೆ ನೆರಳುಮನೆಯ ಮುಂದೆ ಸಾಲು ಹಚ್ಚಿ ನೆರಳು ಒಪ್ಪಿಸಬೇಕು, ಬೆಳಿಗ್ಗೆ ಬಿಸಿಲು ಬೀಳುವ ಮೊದಲೇ ಬಂದು ಚಪ್ಪರದಡಿ ಮತ್ತೆ ಸಾಲು ಹಚ್ಚಿ ಬಿಡಿಸಿಕೊಳ್ಳಬೇಕು. ಕಿಂಡಿಗೆ ಬಾಯಿ ಹಚ್ಚಿ ಹೆಸರು ಹೇಳಬೇಕು, ಆಮೇಲೆ ಹಿಂದಿನವರಿಗೆ ಕೇಳಿಸದ ಹಾಗೆ ಗುಟ್ಟುಮಾತು ಹೇಳಬೇಕು. ಒಳಗಿನಿಂದ ತಗಡಿನ ಬಿಲ್ಲೆಯೊಂದು ಹೊರಗೆ ಬೀಳುತ್ತದೆ. ಅದರ ಹಿಂದೆಯೇ ನಮ್ಮ ನೆರಳು ಗೋಡೆ ಇಳಿದು ಬಂದು ಕಾಲಿಗೆ ಅಂಟಿಕೊಳ್ಳುತ್ತದೆ. ಸಂಜೆ ಬಿಲ್ಲೆ ವಾಪಸು ಕೊಟ್ಟರೆ ನೆರಳು ಒಳಗೆ ಹೋಗುತ್ತದೆ. ಬಿಲ್ಲೆ ದಿನಕ್ಕೊಂದು ಹೊಸದು. ನಿನ್ನೆಯದನ್ನು ಇವತ್ತು ತಂದರೆ ಕಿಂಡಿಯವರು ಮುಖದ ಮೇಲೆ ಎಸೆಯುತ್ತಾರೆ. ನಮ್ಮಜ್ಜಿಯ ಕಾಲದಲ್ಲೂ ಹೀಗೆಯೇ ಇತ್ತು, ಅವಳಜ್ಜಿಯ ಕಾಲದಲ್ಲೂ ಹೀಗೆಯೇ ಇತ್ತಂತೆ.

ನೆರಳಿಲ್ಲದೆ ಬಿಸಿಲಿಗೆ ಇಳಿದರೆ ಮನುಷ್ಯ ಹಗುರಾಗುತ್ತಾನೆ. ಮೊದಲು ಚಪ್ಪಲಿಯ ಸಪ್ಪಳ ನಿಲ್ಲುತ್ತದೆ. ಆಮೇಲೆ ಹೆಜ್ಜೆ ಇಟ್ಟಲ್ಲಿ ಧೂಳು ಏಳುವುದಿಲ್ಲ. ಆಮೇಲೆ ನೆಲವೇ ಕಾಲಿಗೆ ಸರಿಯಾಗಿ ಸಿಗುವುದಿಲ್ಲ. ಒಂದು ಮದುವೆಯಲ್ಲಿ ಸನಾದಿ ಊದುವವನೊಬ್ಬ ಸಾಲು ಉದ್ದವಿದೆಯೆಂದು ನೆರಳು ಬಿಡಿಸದೆ ಬಂದು, ಮುಹೂರ್ತದ ಹೊತ್ತಿಗೆ ಬೇವಿನ ಮರದ ತುದಿಯಲ್ಲಿ ಸಿಕ್ಕಿಕೊಂಡಿದ್ದ. ಅಲ್ಲಿಂದಲೇ ಊದಿದ. ನಿಚ್ಚಣಿಕೆ ಹಚ್ಚಿ ಇಳಿಸಿ ಊಟಕ್ಕೆ ಕೂಡಿಸಿದರು. ಅದನ್ನು ನಮ್ಮೂರಲ್ಲಿ ಯಾರೂ ದೊಡ್ಡ ಸುದ್ದಿ ಅನ್ನಲಿಲ್ಲ.

ನಾನು ಶ್ಯಾವಿಗೆ ಮಾಡಿ ಮಾರುವವಳು. ಮಾಳಿಗೆಯ ಮೇಲೆ ಕೋಲು ಕಟ್ಟಿ ಬೆಳಗಿನ ಎಳೆಬಿಸಿಲಿಗೇ ಶ್ಯಾವಿಗೆ ಹಾಕಬೇಕು. ಬಿಸಿಲು ಬಲಿತರೆ ಎಳೆ ತುಂಡಾಗುತ್ತದೆ. ನಮ್ಮನೆಯವರು ಗೌಂಡಿ. ಊರಿನ ಅರ್ಧ ಗೋಡೆಗಳು ಅವರು ಕಟ್ಟಿದವು. ಇಬ್ಬರಿಗೂ ಬಿಸಿಲಿನದೇ ಕೆಲಸ. ಊರು ಬೆಳೆದಂತೆ ಸಾಲು ಬೆಳೆಯಿತು, ಕಿಂಡಿಗಳು ಮಾತ್ರ ಇದ್ದಷ್ಟೇ ಉಳಿದವು. ನನ್ನ ಸರದಿ ಬರುವ ಹೊತ್ತಿಗೆ ಹೊತ್ತು ನೆತ್ತಿಗೆ ಹತ್ತಿರ ಬಂದಿರುತ್ತಿತ್ತು. ನಾನು ಕಿಂಡಿಯವರನ್ನು ಬೈಯುತ್ತಿದ್ದೆ, ಮುಂದೆ ನಿಂತವರನ್ನು ಬೈಯುತ್ತಿದ್ದೆ, ಮನೆಗೆ ಬಂದು ನಮ್ಮನೆಯವರನ್ನು ಬೈಯುತ್ತಿದ್ದೆ. ಅವರು ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು. ಆ ಹೂಂ ಕೇಳಿ ನನ್ನ ಸಿಟ್ಟು ಇಮ್ಮಡಿಯಾಗುತ್ತಿತ್ತು.

ಅದಕ್ಕೇ ನೆರಳು ಸಮಿತಿಯವರು ವೆಬ್‌ಸೈಟ್ ಮಾಡಿಸಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಇನ್ನು ಮೇಲೆ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಹೆಸರು ಬರೆದು, ಗುಟ್ಟುಮಾತು ಬರೆದು ಲಾಗಿನ್ ಆದರೆ ಸಾಕು. ಬಿಲ್ಲೆ ಮೊಬೈಲಿಗೇ ಬರುತ್ತದೆ, ನೆರಳು ಹೊಸ್ತಿಲ ಕೆಳಗಿನಿಂದ ಒಳಗೆ ಬರುತ್ತದೆ. ಆದರೆ ಒಂದು ಅನುಮಾನ ಉಳಿದಿತ್ತು. ಸೂರ್ಯ ಹುಟ್ಟಿದ ಕೂಡಲೇ ಊರಿಗೆ ಊರೇ ಒಮ್ಮೆಲೇ ಲಾಗಿನ್ ಆದರೆ ಸರ್ವರ್ ತಡೆದೀತೇ? ಮಧ್ಯದಲ್ಲಿ ಕೆಟ್ಟು ನಿಂತರೆ ಅರ್ಧ ಊರು ಹೊಸ್ತಿಲು ದಾಟುವಂತಿಲ್ಲ. ಅದನ್ನು ಪರೀಕ್ಷೆ ಮಾಡಲು ಹೊರಗಿನಿಂದ ತಸ್ಲೀಮಾ ಎಂಬ ಹೆಣ್ಣುಮಗಳನ್ನು ಕರೆಸಿದರು. ಅವಳ ಕೆಲಸವೇ ಅದು, ಸಾವಿರ ಮಂದಿ ಬಂದಂತೆ ಯಂತ್ರಕ್ಕೆ ತೋರಿಸಿ ಅದರ ತಾಕತ್ತು ನೋಡುವುದು. ಮೂವತ್ತೈದರ ಆಸುಪಾಸಿನವಳು, ಮಾತು ಕಡಿಮೆ, ಚಹಾ ಜಾಸ್ತಿ. ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗೆ ಇದ್ದಳು.

ಸಮಿತಿಯ ಅಧ್ಯಕ್ಷ ಅಂದಾನೆಪ್ಪನಿಗೆ ಪಾತ್ರೆಯ ಅಂಗಡಿ ಇತ್ತು. ಎಲ್ಲವನ್ನೂ ಬಡಿದು ನೋಡಿ ಸಪ್ಪಳದ ಮೇಲೆ ಬೆಲೆ ಕಟ್ಟುವ ಮನುಷ್ಯ. ಅವನು ಕರೆದ ಸಭೆಯಲ್ಲಿ ತಸ್ಲೀಮಾ ಎದ್ದು ನಿಂತು, "ಊರಾಗ ಎಷ್ಟು ಮಂದಿ ಅದೀರಿ, ನನಗ ಅಷ್ಟು ಲಾಗಿನ್ ಬೇಕ್ರಿ. ಬ್ಯಾರೆ ಬ್ಯಾರೆ ಹೆಸರು, ಬ್ಯಾರೆ ಬ್ಯಾರೆ ಗುಟ್ಟುಮಾತು" ಎಂದಳು.

ಗುಟ್ಟುಮಾತನ್ನು ನಮ್ಮೂರಲ್ಲಿ ಹೆತ್ತ ತಾಯಿಗೂ ಹೇಳುವುದಿಲ್ಲ. ಮೂಲೆಯಲ್ಲಿದ್ದ ಮುದುಕನೊಬ್ಬ, "ಯವ್ವಾ, ಬೇಕಾದ್ರ ನನ್ನ ಎಮ್ಮಿ ಒಯ್ಯಿ, ಅದನ್ನ ಮಾತ್ರ ಕೇಳಬ್ಯಾಡ" ಎಂದ. ಎಲ್ಲರೂ ನಕ್ಕರು. ಆದರೆ ಕೊಡುತ್ತೇನೆಂದು ಯಾರೂ ಏಳಲಿಲ್ಲ.

ಅಂದಾನೆಪ್ಪ ಕೈ ಎತ್ತಿ ಸುಮ್ಮನಿರಿಸಿದ. "ಎಲ್ಲಾರದೂ ಯಾಕ ಬೇಕು ತಂಗಿ? ಯಾರದರ ಒಬ್ಬರದು ತೊಗೊಂಡು ಅದನ್ನ ಸಾವಿರ ಸಲ ಹೊಡಿ. ಕೊಡಾ ತೂತು ಐತೋ ಇಲ್ಲೋ ನೋಡಾಕ ಹತ್ತು ಬಾವಿ ನೀರು ಬೇಕೇನು?"

"ಹಂಗ ಆಗಂಗಿಲ್ರಿ ಅಧ್ಯಕ್ಷರ. ಒಬ್ಬರ ಹೆಸರಲೆ ಸಾವಿರ ಸಲ ಬಂದ್ರ ಅದು ಸಾವಿರ ಮಂದಿ ಅಲ್ಲ. ಒಬ್ಬಾವ ಸಾವಿರ ಸಲ ಬಂದಂಗ. ಸರ್ವರ್ ಹುಡುಕೂದ ಇಲ್ಲ, ಈಗಷ್ಟ ಕೊಟ್ಟಿದ್ದು ಕೈಯಾಗ ಇರ್ತೈತಿ, ಅದನ್ನ ಮತ್ತ ಕೊಡ್ತೈತಿ. ಮತ್ತ ಎರಡನೇ ಸಲ ಲಾಗಿನ್ ಆದ್ರ ಮೊದಲಿಂದು ಹೊರಗ ಬೀಳ್ತೈತಿ. ಬ್ಯಾರೆ ಕಡೆ ಇಂಥಾದ್ದ ಇನ್ನೊಂದು ನೆರಳುಮನಿ ಇದ್ರ ಅಲ್ಲಿ ಮಾಡಿ ನೋಡಬಹುದಿತ್ತು."

"ಇನ್ನೊಂದು ಎಲ್ಲಿಂದ ತರೂಣು? ಇರೂದ ಇದೊಂದು. ಯಾರು ಕೊಡ್ತೀರಪಾ, ಲಗೂನ ಹೇಳ್ರಿ."

ನನ್ನ ಪಕ್ಕದಲ್ಲಿ ಕುಳಿತಿದ್ದ ನಮ್ಮನೆಯವರು ಅಂಗಿಯ ತೋಳು ಸರಿಮಾಡಿಕೊಂಡರು. ಅವರು ತೋಳು ಸರಿಮಾಡಿಕೊಂಡರೆ ಏನೋ ಕೊಡಲು ಹೊರಟಿದ್ದಾರೆ ಎಂದೇ ಲೆಕ್ಕ. ನಾನು ಬೆನ್ನ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದೆ. ಅಷ್ಟರಲ್ಲಿ ಅವರ ಬಾಯಿಂದ ಬಂದಾಗಿತ್ತು. "ನಂದು ತೊಗೋರಿ. ನನಗೇನ ಅಂಥಾ ಗುಟ್ಟಿಲ್ಲ."

ಮರುದಿನ ನಾನು ಬುತ್ತಿ ತೆಗೆದುಕೊಂಡು ಹೋದಾಗ ನೆರಳುಮನೆಯ ಅಂಗಳದಲ್ಲಿ ಅವರನ್ನು ಬಿಸಿಲಿಗೆ ನಿಲ್ಲಿಸಿದ್ದರು. ತಸ್ಲೀಮಾ ಜಗಲಿಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ಮುಖ ಸಿಂಡರಿಸಿಕೊಂಡು ಕುಳಿತಿದ್ದಳು. ನಮ್ಮನೆಯವರ ನೆರಳು ಕಾಲಿನಿಂದ ಕಿತ್ತು ಗೋಡೆಯೊಳಗೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು, ಹೊಲಿಗೆ ಯಂತ್ರದ ಸೂಜಿಯ ಹಾಗೆ. ಕಣ್ಣು ಹಿಡಿಯದಷ್ಟು ಜೋರು. ಅವರು ನನ್ನನ್ನು ನೋಡಿ ನಗಲು ನೋಡಿದರು. ಆ ನಗೆಗೆ ಭಾರವೇ ಇರಲಿಲ್ಲ.

"ನೋಡ್ರಿ, ಕಣ್ಣು ಮುಚ್ಚಿ ತೆಗಿಯೂದ್ರಾಗ ಬಿಲ್ಲೆ ಬೀಳಾಕತ್ತೈತಿ" ಎಂದು ಅಂದಾನೆಪ್ಪ ತೊಡೆ ತಟ್ಟಿದ. "ಪಾಸಾತು. ನಡೀರಿ ಊಟಕ್ಕ." ಅಂದವನೇ ಗೋಡೆಯ ಮೇಲಿನ ದೊಡ್ಡ ಸ್ವಿಚ್ ಕೆಳಗೆ ಎಳೆದ. ತನ್ನ ಅಂಗಡಿ ಮುಚ್ಚುವಾಗ ಹಾಗೆ ಎಳೆದು ರೂಢಿ ಅವನಿಗೆ.

ತಸ್ಲೀಮಾ ಎದ್ದು ನಿಂತಳು. "ಲಾಗೌಟ್ ಆಗಿಲ್ರಿ" ಎಂದಳು. "ಹೊಡದ ಲಾಗಿನ್ ಎಲ್ಲಾ ಹಂಗ ತೆರದ ಉಳದಾವು, ಒಂದೂ ಮುಚ್ಚಿಲ್ಲ."

ನಮ್ಮನೆಯವರ ಕಾಲ ಬಳಿ ಉಳಿದದ್ದು ನೆರಳಲ್ಲ. ಹಳೆಯ ಧೋತರವನ್ನು ನೀರಲ್ಲಿ ಅದ್ದಿ ಹರವಿದರೆ ಕಾಣುವಂಥ ಒಂದು ತೇವದ ಬಣ್ಣ. ನೋಡನೋಡುತ್ತಲೇ ಅವರ ಹಿಮ್ಮಡಿ ನೆಲ ಬಿಟ್ಟಿತು. ನಾನು ಬುತ್ತಿ ಬಿಸಾಡಿ ಅವರ ಸೊಂಟ ಹಿಡಿದುಕೊಂಡೆ. ಬಾವಿಯಿಂದ ಮೇಲೆ ಬಂದ ಖಾಲಿ ಕೊಡ ಹಿಡಿದ ಹಾಗಿತ್ತು. ಆವತ್ತು ನಾನು ಅಂದಾನೆಪ್ಪನಿಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವನ ಅಂಗಡಿಯ ಪಾತ್ರೆಗಳೂ ಕೇಳಿಸಿಕೊಂಡಿರಬೇಕು.

ಮನೆಗೆ ತಂದವಳೇ ಅವರ ಸೊಂಟಕ್ಕೆ ಹಗ್ಗ ಕಟ್ಟಿ ಆ ಹಗ್ಗವನ್ನು ಒರಳಿಗೆ ಬಿಗಿದೆ. ಮನೆಯೊಳಗೆ ಬಿಸಿಲು ಬೀಳದಿದ್ದರೆ ಹೇಗೋ ನೆಲದ ಮೇಲೆ ಇರುತ್ತಿದ್ದರು. ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಬಿದ್ದರೂ ಸಾಕು, ತೊಲೆಗೆ ತಲೆ ತಾಗುತ್ತಿತ್ತು. ಗಾರೆ ಬಳಿಯುವ ಕರಣಿ ಕೈಗೆ ಕೊಟ್ಟರೆ ಕರಣಿಯೇ ಅವರನ್ನು ಕೆಳಗೆ ಎಳೆಯುತ್ತಿತ್ತು. ದನಿಯೂ ಹಗುರಾಗಿ ಗಾಳಿಪಟದ ದಾರದ ಗುಂಯ್‌ಗುಡುವಿಕೆಯಂತೆ ಕೇಳುತ್ತಿತ್ತು. ನಾನು ಬೈದರೆ ಹೂಂ ಅನ್ನುತ್ತಿದ್ದರು, ಆದರೆ ಅದು ಕೇಳಿಸುವ ಮೊದಲೇ ಮಾಡಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಮುಂದೆ ಆಷಾಢ. ನಮ್ಮೂರಿನ ಆಷಾಢದ ಗಾಳಿ ತಗಡಿನ ಮಾಡುಗಳನ್ನೇ ಕಿತ್ತೊಯ್ಯುತ್ತದೆ. ನೆರಳು ಸರಿಯಾಗದಿದ್ದರೆ ಹಗ್ಗ ಎಷ್ಟು ದಿನ ತಡೆದೀತು ಎಂದು ಯೋಚಿಸುವ ಧೈರ್ಯ ನನಗಿರಲಿಲ್ಲ.

ತಸ್ಲೀಮಾ ತಾನಾಗಿಯೇ ಬಂದಳು. ಬೈಸಿಕೊಳ್ಳಲು ತಯಾರಾಗಿಯೇ ಬಂದವಳಂತೆ ಬಾಗಿಲಲ್ಲಿ ನಿಂತಳು. ನಾನು ಬೈದೆ. ಮುಗಿಯುವ ತನಕ ನಿಂತು, ಮುಗಿದ ಮೇಲೆ ಒಳಗೆ ಬಂದು ಕೂತಳು.

"ಅಕ್ಕಾರ, ಗೌಂಡ್ಯಾರ ನೆರಳು ಎಲ್ಲಿಗೂ ಹೋಗಿಲ್ಲ. ಒಂದೊಂದು ಸಲ ಲಾಗಿನ್ ಆದಾಗ ಒಂದೊಂದು ಬಿಲ್ಲೆ ಹುಟ್ಟೇತಿ. ಒಂದೊಂದು ಬಿಲ್ಲೆಗೆ ಒಂದೊಂದು ತುಣುಕು ಸಿಕ್ಕೊಂಡೈತಿ. ಸ್ವಿಚ್ ಜಗ್ಗಿದ ಮ್ಯಾಲ ಆ ಬಿಲ್ಲೆ ಯಾರ ಕೈಯಾಗೂ ಇಲ್ಲ."

"ಹಂಗಾರ ಮತ್ತ ಇವರ ಹೆಸರಲೆ ಕರಿ."

"ಅವರ ಹೆಸರಿಗೆ ಈಗ ಆ ತೆಳ್ಳಂದು ಬಂದು ಕುಂತೈತಲ್ರಿ. ಅದ ಹೆಸರಲೆ ಮತ್ತ ಕರದ್ರ ಅದೂ ಹರೀತೈತಿ." ಅವಳು ಚಹಾದ ಬಟ್ಟಲು ಕೆಳಗಿಟ್ಟಳು. "ಒಳಗ ಉಳದದ್ದು ಈಗ ಯಾರ ನೆರಳೂ ಅಲ್ಲ. ಯಾರದೂ ಅಲ್ಲದ ಹೆಸರಲೆ ಕರದ್ರ ಬಂದೀತು. ಟೆಸ್ಟಿಗೂ ನನಗ ಅಂಥಾ ಹೆಸರ ಬೇಕು. ಮೊದಲ ದಿನಾನ ಹಟಾ ಹಿಡದು ಕೇಳಬೇಕಿತ್ತು ನಾನು."

ಹೀಗೆ ನಮ್ಮೂರಿನಲ್ಲಿ ಹೆಸರು ಹುಟ್ಟಿಸುವ ಕೆಲಸ ಶುರುವಾಯಿತು. ತಸ್ಲೀಮಾ ಮನೆಮನೆಗೆ ಹೋದಳು, ನಾನು ಜೊತೆಗೆ ಹೋದೆ, ಯಾರಾದರೂ ಸಬೂಬು ಹೇಳಿದರೆ ಬಾಯಿ ಮಾಡಲು. ಬದುಕಿರುವ ಯಾರ ಹೆಸರೂ ಆಗಿರಬಾರದು, ಒಂದರ ಹಾಗೆ ಇನ್ನೊಂದು ಇರಬಾರದು, ಪ್ರತಿ ಹೆಸರಿಗೂ ಅದರದೇ ಗುಟ್ಟುಮಾತು ಬೇಕು, ಇಷ್ಟೇ ಅವಳ ಕಟ್ಟಳೆ. ತಮ್ಮ ಗುಟ್ಟುಮಾತು ಕೊಡಲು ಸತ್ತರೂ ಒಪ್ಪದ ಜನ ಸುಳ್ಳು ಗುಟ್ಟುಗಳನ್ನು ಹಿಡಿಹಿಡಿಯಾಗಿ ಕೊಟ್ಟರು. ಮಕ್ಕಳಿಲ್ಲದ ದಂಪತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಪಿಸುಗುಟ್ಟಿ ಬಂದು ನಾಲ್ಕು ಹೆಸರು ಕೊಟ್ಟರು. ಆ ಹೆಸರುಗಳು ಎಷ್ಟು ಚೆನ್ನಾಗಿದ್ದವೆಂದರೆ ತಸ್ಲೀಮಾ ಒಂದನ್ನೂ ಮರಳಿ ಕೇಳದೆ ಬರೆದುಕೊಂಡಳು. ಅಂದಾನೆಪ್ಪ ಗಂಭೀರವಾಗಿ, "ಬರ್ಕೋ. ಅಂದಾನೆಪ್ಪ ಒಂದು, ಅಂದಾನೆಪ್ಪ ಎರಡು, ಅಂದಾನೆಪ್ಪ ಮೂರು" ಎಂದು ಶುರು ಮಾಡಿದ.

"ಬ್ಯಾಡ್ರಿ ಅಧ್ಯಕ್ಷರ. ಒಂದ ಥರದ ಹೆಸರೆಲ್ಲಾ ಸರ್ವರಿನ ಒಂದ ಗೂಡಿಗೆ ಹೋಗಿ ಬೀಳ್ತಾವು, ಉಳದ ಗೂಡು ಖಾಲಿ ಕುಂದರ್ತಾವು."

"ಒಬ್ಬ ಅಂದಾನೆಪ್ಪನ್ನ ತಡಕೊಳ್ಳೂದ ಊರಿಗೆ ಭಾರ ಆಗೇತಿ" ಎಂದೆ ನಾನು. ಸ್ವಿಚ್ ಎಳೆದ ದಿನದಿಂದ ಅವನು ನನಗೆ ಎದುರು ಮಾತಾಡಿರಲಿಲ್ಲ.

ಕೊನೆಗೆ ನನ್ನ ಮನೆಯ ಸರದಿ. ತಸ್ಲೀಮಾ ಕಂಪ್ಯೂಟರ್ ತೆರೆದು, "ನೀವು ಹೇಳ್ರಿ ಅಕ್ಕಾರ" ಎಂದಳು. ಆ ಹೊತ್ತಿಗೆ ಸರಿಯಾಗಿ ಬೆಳಕಿಂಡಿಯ ಬಿಸಿಲು ಸರಿದು ಬಂದು, ನಮ್ಮನೆಯವರು ಉಣ್ಣುತ್ತಿದ್ದ ತಾಟಿನ ಸಮೇತ ಮೇಲೆದ್ದು ತೊಲೆಗೆ ತಾಗಿ, ಸಾರೆಲ್ಲ ನನ್ನ ತಲೆಯ ಮೇಲೆ ಸುರಿಯಿತು. ಹೆಸರು ಯೋಚಿಸುವ ಸಮಾಧಾನ ನನಗೆಲ್ಲಿ? ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ಹೌದಪ್ಪ. ಮೊದ್ದೂರಾಯ. ಗೊರಕಿಮಲ್ಲ. ಮರಗುಳಿ ಸಾಹುಕಾರ. ಚಾದಂಗಡಿ ದೇಸಾಯಿ. ಗೂನಬೆನ್ನಿನ ಗೂಬಿ." ಇನ್ನೂ ಬೇಕಾದಷ್ಟು ಅಂದೆ. ಸಂಸಾರ ಮಾಡುತ್ತಾ ಕೂಡಿಟ್ಟದ್ದು, ಒಂದೂ ಬಿಡಲಿಲ್ಲ. ತಲೆ ಒರೆಸಿಕೊಂಡು ನೋಡಿದರೆ ತಸ್ಲೀಮಾ ಎಲ್ಲವನ್ನೂ ಟೈಪ್ ಮಾಡಿ, ಒಂದೊಂದಕ್ಕೂ ಗುಟ್ಟುಮಾತು ತಾನೇ ಹಚ್ಚಿದ್ದಳು.

"ಅವನ್ಯಾಕ ಬರಕೊಂಡಿ? ಅವು ಹೆಸರಲ್ಲ, ಬೈಗುಳ."

"ಊರಾಗ ಯಾರಿಗರ ಈ ಹೆಸರು ಐತೇನ್ರಿ?"

"ಇಲ್ಲ."

"ಹಂಗಾರ ನನಗ ನಡೀತೈತಿ" ಎಂದು ಅವಳು ಕಂಪ್ಯೂಟರ್ ಮುಚ್ಚಿದಳು. ತೊಲೆಯ ಹತ್ತಿರದಿಂದ ನಮ್ಮನೆಯವರು ಏನೋ ಅಂದರು. ನಗುತ್ತಿದ್ದರೆಂದು ಕಾಣುತ್ತದೆ.

ಎರಡನೆಯ ಪರೀಕ್ಷೆಯನ್ನು ನೆರಳುಮನೆಯ ಹಿಂದಿನ ಕೆರೆಯ ಅಂಗಳದಲ್ಲಿ ಇಟ್ಟುಕೊಂಡರು. ಬೇಸಿಗೆಯಲ್ಲಿ ನಮ್ಮ ಕೆರೆ ಬತ್ತಿ, ಕಣ್ಣು ಹಾಯಿಸಿದಷ್ಟು ದೂರ ಬಿರುಕುಬಿಟ್ಟ ಮಣ್ಣಿನ ಬಯಲಾಗುತ್ತದೆ. ನೆರಳುಗಳಿಗೆ ಜಾಗ ಬೇಕಲ್ಲ. ಊರವರೆಲ್ಲ ಆವತ್ತು ನಡುರಾತ್ರಿಗೇ ತೆರೆದ ಹಳೆಯ ಕಿಂಡಿಗಳಲ್ಲಿ ತಂತಮ್ಮ ನೆರಳು ಬಿಡಿಸಿಕೊಂಡು ಬಂದು ದಂಡೆಯ ಮೇಲಿನ ಪೆಂಡಾಲಿನಲ್ಲಿ ಕೂತರು. ನಾನು ನಮ್ಮನೆಯವರನ್ನು ಹಗ್ಗದಲ್ಲಿ ಹಿಡಿದುಕೊಂಡು ಬಂದೆ. ಹೊರಗಿನ ನಸುಬೆಳಕಿಗೇ ಅವರು ನನ್ನ ತಲೆಯ ಮಟ್ಟದಲ್ಲಿ ಬರುತ್ತಿದ್ದರು. ದಾರಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಸ್ವಿಚ್ಚಿನ ಹತ್ತಿರ ಅಂದಾನೆಪ್ಪ ತಾನೇ ಕಾವಲು ಕೂತ. "ಇವತ್ತ ಯಾರೂ ಮುಟ್ಟಬಾರದು, ನಾನೂ ಮುಟ್ಟಂಗಿಲ್ಲ" ಎಂದು ತನ್ನ ಕೈಗಳ ಮೇಲೆ ತಾನೇ ಕೂತುಕೊಂಡ.

"ಎಲ್ಲಾ ಒಮ್ಮೆಲೆ ಬಿಡಂಗಿಲ್ರಿ" ಎಂದು ತಸ್ಲೀಮಾ ಎಲ್ಲರಿಗೂ ಕೇಳುವಂತೆ ಹೇಳಿದಳು. "ಮೊದಲ ನಸುಕಿನಾಗ ಎದ್ದು ಬರೂ ಮಂದಿ, ಆಮ್ಯಾಲ ಉಳದವರು. ನಡುವ ಸ್ವಲ್ಪ ಬಿಡುವು. ಮನುಷ್ಯಾರು ಹೆಸರು ಬರದು, ಗುಟ್ಟುಮಾತು ಮರತು, ತಲಿ ಕೆರಕೊಂಡು, ಮತ್ತ ಬರೀತಾರಲ್ಲ, ಹಂಗ." ಅಂದು ಒಂದು ಗುಂಡಿ ಒತ್ತಿದಳು.

ಸೂರ್ಯ ಆಗಷ್ಟೇ ಬಯಲಿನ ಅಂಚಿನಲ್ಲಿ ತಲೆ ಎತ್ತಿದ್ದ. ನೆರಳುಮನೆಯ ಗೋಡೆಯಿಂದ ಒಂದು ಉದ್ದನೆಯ ನೆರಳು ಇಳಿದು ದಂಡೆ ಹತ್ತಿ, ನಮ್ಮ ಕಾಲುಗಳ ನಡುವೆ ಹಾಯ್ದು, ಕೆರೆಯೊಳಗೆ ಹೋಗಿ ನಿಂತಿತು. ಅದರ ಕಾಲಿನ ಹತ್ತಿರ ಯಾರೂ ಇರಲಿಲ್ಲ. ತಲೆಯ ಮೇಲೆ ದೊಡ್ಡ ರುಮಾಲು, ಹೆಗಲ ಮೇಲೆ ಏನೋ ಉದ್ದದ್ದು. ಅದರ ಹಿಂದೆ ಇನ್ನೊಂದು. ಆಮೇಲೆ ನಾಲ್ಕಾರು ಒಟ್ಟಿಗೆ. ಆಮೇಲೆ ಎಣಿಸುವ ಮಾತೇ ಉಳಿಯಲಿಲ್ಲ.

ಸಂಜೆ ನೆರಳು ಒಪ್ಪಿಸಿ ಮನೆಗೆ ಹೋಗಿ ಮಲಗಿದಲ್ಲೇ ಸತ್ತವರು ಎಷ್ಟು ಜನ ಇದ್ದರೋ. ಅವರ ನೆರಳನ್ನು ಬಿಡಿಸಿಕೊಳ್ಳಲು ಬೆಳಿಗ್ಗೆ ಯಾರೂ ಹೋಗಲಿಲ್ಲ. ಬಂದು ಒಂದು ರಾತ್ರಿ ತಂಗಿ, ನೆರಳು ಮರೆತು ಹೋದ ದಾರಿಹೋಕರು ಇದ್ದರು. ಊರು ಹುಟ್ಟಿದಾಗಿನಿಂದ ಅವೆಲ್ಲ ಆ ಕಿಂಡಿಗಳ ಹಿಂದೆ ಒಂದರ ಮೇಲೊಂದು ಮಡಿಸಿಟ್ಟಂತೆ ಇದ್ದವು. ದಿನವೂ ಅದೇ ಗೋಡೆಗೆ ಬಾಯಿ ಹಚ್ಚಿ ಬೈದವಳು ನಾನು, ಒಳಗೆ ಇಷ್ಟು ಜನ ಇದ್ದಾರೆಂದು ಒಮ್ಮೆಯೂ ಹೊಳೆದಿರಲಿಲ್ಲ. ಈಗ ಮಕ್ಕಳಿಲ್ಲದ ಆ ದಂಪತಿ ಕೊಟ್ಟ ಹೆಸರಿಗೆ, ಎಮ್ಮೆಯ ಮುದುಕ ಕೊಟ್ಟ ಹೆಸರಿಗೆ, ಊರ ಹುಡುಗಿಯರು ನಕ್ಕು ನಕ್ಕು ಕೊಟ್ಟ ಹೆಸರಿಗೆ ಓಗೊಟ್ಟು ಅವು ಹೊರಗೆ ಬರುತ್ತಿದ್ದವು. ಮಗ್ಗದ ಮರದ ದಿಂಡು ಹೊತ್ತವರು, ಸೊಂಟದ ಮೇಲೆ ಕೂಸು ಇಟ್ಟುಕೊಂಡವರು, ಈಟಿ ಹಿಡಿದವರು, ಗೂನಾದವರು, ತಲೆಯ ಮೇಲೆ ಕೊಡದ ಮೇಲೆ ಕೊಡ ಇಟ್ಟು ಎರಡೂ ಕೈ ಬಿಟ್ಟು ನಡೆಯುವ ಹೆಂಗಸೊಬ್ಬಳು. ಕೆರೆಯ ಅಂಗಳ ತುಂಬಿತು. ಮಣ್ಣಿನ ಬಿರುಕು ಕಾಣದಷ್ಟು ತುಂಬಿತು. ಅಷ್ಟು ಜನ ಸೇರಿದ ಕಡೆ ಇರಬೇಕಾದ ಗದ್ದಲ ಇರಲಿಲ್ಲ. ಬಿಸಿಲು ಬೀಳುವುದು ಕಿವಿಗೆ ಕೇಳಿಸುವಷ್ಟು ಮೌನ.

ಪೆಂಡಾಲಿನಲ್ಲಿ ಒಬ್ಬೊಬ್ಬರೇ ಎದ್ದು ನಿಂತರು. ಗಂಡಸರು ತಲೆಯ ಟೊಪ್ಪಿಗೆ ತೆಗೆದರು. ಮಕ್ಕಳಿಲ್ಲದ ಆ ಹೆಂಗಸು ದಂಡೆಯ ಅಂಚಿಗೆ ಹೋಗಿ, ಕೈ ಜೋಡಿಸಿ, ತಾನು ಕೊಟ್ಟ ಹೆಸರುಗಳಲ್ಲಿ ಒಂದನ್ನು ಮೆಲ್ಲಗೆ ಕರೆದಳು. ಬಯಲಿನ ನಡುವೆ ಒಂದು ಸಣ್ಣ ನೆರಳು ತಿರುಗಿ ನೋಡಿತು. ನೆರಳು ತಿರುಗಿ ನೋಡಿದ್ದು ನಿನಗೆ ಹೇಗೆ ತಿಳಿಯಿತು ಎಂದು ಕೇಳುವವರು ಅಲ್ಲಿ ಇರಲಿಲ್ಲ, ಅದಕ್ಕೆ ಕೇಳುತ್ತಾರೆ.

"ತಡೀತು" ಎಂದಳು ತಸ್ಲೀಮಾ, ಪರದೆ ನೋಡುತ್ತಾ. "ಊರಿಗೆ ಊರ ಬಂದ್ರೂ ಸರ್ವರ್ ತಡೀತೈತಿ." ಅಂದಾನೆಪ್ಪ ಕೈಗಳ ಮೇಲೆ ಕೂತೇ ಅಳುತ್ತಿದ್ದ. ಅವನಜ್ಜ ನೆರಳಿನ ರೂಪದಲ್ಲಿ ಎಲ್ಲೋ ಕಂಡಿರಬೇಕು, ಅಥವಾ ಸುಮ್ಮನೆ ಅಳು ಬಂದಿರಬೇಕು. ನಾನು ಕೇಳಲಿಲ್ಲ.

ಹಗ್ಗ ನನ್ನ ಕೈಯಲ್ಲಿ ಜಗ್ಗಿತು. ಬಿಸಿಲು ಏರಿದಂತೆ ನಮ್ಮನೆಯವರು ಇನ್ನೂ ಮೇಲೆ ಹೋಗಿದ್ದರು, ಅವರ ಪಾದ ನನ್ನ ಹಣೆಗೆ ತಾಗುತ್ತಿತ್ತು. ಇಷ್ಟೊಂದು ನೆರಳುಗಳಲ್ಲಿ ಅವರ ತುಣುಕುಗಳನ್ನು ಹೇಗೆ ಹುಡುಕಲಿ? ಹೊತ್ತು ನೆತ್ತಿಗೆ ಬಂದರೆ ಒಡೆಯರಿಲ್ಲದ ನೆರಳು ಕುಗ್ಗಿ ಕುಗ್ಗಿ ಇಲ್ಲವಾಗುತ್ತದೆ, ಅದಕ್ಕೆ ಮೊದಲು ಎಲ್ಲವನ್ನೂ ಲಾಗೌಟ್ ಮಾಡಿ ಒಳಗೆ ಕಳಿಸಬೇಕು ಎಂದು ತಸ್ಲೀಮಾ ಮೊದಲೇ ಹೇಳಿದ್ದಳು. ಅವಳು ಕಳಿಸಲು ಶುರು ಮಾಡಿದಳು. ಈ ಸಲ ಒಂದೊಂದಕ್ಕೂ ಅದರದೇ ಬಿಲ್ಲೆ ನೋಡಿ, ಅದರದೇ ಹೆಸರು ಹಿಡಿದು. ಬಂದ ದಾರಿಯಲ್ಲೇ ಅವು ನಮ್ಮ ಕಾಲುಗಳ ನಡುವೆ ಹಾಯ್ದು ಮರಳಿ ಹೋದವು. ಹಾಯ್ದು ಹೋಗುವಾಗ ಪಾದಕ್ಕೆ ತಣ್ಣಗೆ ತಾಗುತ್ತಿತ್ತು.

ಬಯಲು ಖಾಲಿಯಾಗುತ್ತಾ ಬಂತು. ಆಗ ತಸ್ಲೀಮಾ ನನ್ನ ಕಡೆ ನೋಡಿ, "ಅಕ್ಕಾರ, ನಿಮ್ಮನ್ಯಾಗಿನ ಹೆಸರು ಉಳದಾವು" ಎಂದು, ಊರೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದಳು. "ಹೌದಪ್ಪ."

ಪೆಂಡಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೆರೆಯಿಂದ ಒಂದು ತಲೆಯ ನೆರಳು ಬಂದು ನನ್ನ ಮುಂದೆ ನಿಂತು, ಮೇಲೆ ಕೆಳಗೆ ಆಡಿತು. ನಾನು ಎಷ್ಟು ವರ್ಷ ಅದನ್ನು ಕಂಡು ಉರಿದುಕೊಂಡಿದ್ದೇನೆ. "ಗೊರಕಿಮಲ್ಲ" ಎಂದಳು. ಏರಿ ಇಳಿಯುವ ಒಂದು ಎದೆ ಬಂತು. "ಚಾದಂಗಡಿ ದೇಸಾಯಿ." ಚಹಾದ ಬಸಿ ಹಿಡಿದ ಕೈ, ಕಿರುಬೆರಳು ಮೇಲೆ ಎತ್ತಿಕೊಂಡು. "ಮರಗುಳಿ ಸಾಹುಕಾರ." ಇಲ್ಲದ ಕಿಸೆಯನ್ನು ತಡಕಾಡುವ ಇನ್ನೊಂದು ಕೈ. "ಗೂನಬೆನ್ನಿನ ಗೂಬಿ." ಊರಿನ ಗೋಡೆಗಳಿಗೆಲ್ಲ ಬಗ್ಗಿ ಬಗ್ಗಿ ಹಾಗಾದ ಬೆನ್ನು. ಒಂದೊಂದು ಬೈಗುಳಕ್ಕೂ ಒಂದೊಂದು ತುಣುಕು ತಪ್ಪದೆ ಬಂದು ನನ್ನ ಕಾಲ ಬಳಿ ನಿಂತಿತು. ನಗುವವರ ನಗು ಎಲ್ಲೋ ನಡುವೆ ನಿಂತುಹೋಯಿತು. ಇಷ್ಟು ದಿನ ನಾನು ಗಾಳಿಗೆ ಬೈಯುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಪ್ರತಿಯೊಂದನ್ನೂ ಇಟ್ಟುಕೊಂಡಿದ್ದರು.

"ಈಗ ಇವನ್ನ ಲಾಗೌಟ್ ಮಾಡ್ತೀನ್ರಿ" ಎಂದಳು ತಸ್ಲೀಮಾ. "ಮಾಡಿದ ಕೂಡ್ಲೆ ಒಳಗ ಹೊಂಟಬಿಡ್ತಾವು. ಹೋಗೂದ್ರಾಗ ಅವರ ಖರೇ ಹೆಸರು ಹಿಡದು, ಯಂತ್ರದಾಗ ಅಲ್ಲ, ಬಾಯಿಲೆ ಕರೀಬೇಕು. ಗೌಂಡ್ಯಾರ ದನಿ ಈಗ ನೆಲಕ್ಕ ಮುಟ್ಟಂಗಿಲ್ಲ. ಯಾರರ ಕರೀರಿ."

ಅಂದಾನೆಪ್ಪ ಓಡಿ ಬಂದ. "ನಾ ಕರೀತೀನಿ, ನಾ ಮಾಡಿದ್ದು" ಎಂದು, ಗುಂಡಿ ಒತ್ತುವ ಮೊದಲೇ ಒಮ್ಮೆ ಕರೆದು ನೋಡಿದ. ಗಂಟಲು ಹರಿಯುವ ಹಾಗೆ ನಮ್ಮನೆಯವರ ಹೆಸರು ಕೂಗಿದ. ತುಣುಕುಗಳು ಅಲುಗಲಿಲ್ಲ. ಪೆಂಡಾಲಿನವರೆಲ್ಲ ಸೇರಿ ಕೂಗಿದರು. ದಂಡೆಯ ಮೇಲಿನ ಕೊಕ್ಕರೆಗಳು ಎದ್ದು ಹೋದವು, ತುಣುಕುಗಳು ಹೋಗಲಿಲ್ಲ, ಬರಲಿಲ್ಲ. ಎಲ್ಲವೂ ನನ್ನ ಕಡೆಗೇ ಮುಖ ಮಾಡಿ ನಿಂತಿದ್ದವು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯ ದಿನ ಒಡಪಿನ ಸಾಲಿನಲ್ಲಿ ಹೆಸರು ಸೇರಿಸಿ ಒಮ್ಮೆ ಹೇಳಿಸಿದ್ದರು. ಅದನ್ನೂ ನಾನು ಅರ್ಧ ನುಂಗಿ ಹೇಳಿದ್ದೆ. ಅವರಿಗೆ ಜ್ವರ ಬಂದಾಗ ಸಂಜೆ ಕಿಂಡಿಯಲ್ಲಿ ಅವರ ಬಿಲ್ಲೆ ಒಪ್ಪಿಸುವಾಗಲೂ ಹೆಸರನ್ನು ಹಿಂದೆ ನಿಂತವರ ಬಾಯಿಂದ ಹೇಳಿಸಿದ್ದೇನೆ. ಬೈಯಲು ಹೆಸರು ಬೇಕಾಗಿರಲಿಲ್ಲ. ನನಗೆ ಸಿಟ್ಟು ಬಂತು, ಪದ್ಧತಿಯ ಮೇಲೆ, ಅಂದಾನೆಪ್ಪನ ಮೇಲೆ, ನನ್ನನ್ನೇ ನೋಡುತ್ತಿದ್ದ ಆ ಮೊದ್ದು ತುಣುಕುಗಳ ಮೇಲೆ. ಆದರೆ ಸಿಟ್ಟಿಗೆ ಎಂದಿನಂತೆ ಬಾಯಿ ಸಿಗಲಿಲ್ಲ. ಹೊತ್ತು ಏರಿತ್ತು. ತುಣುಕುಗಳು ಅಂಗೈಯಷ್ಟಾಗಿದ್ದವು. ಮೇಲೆ ನಮ್ಮನೆಯವರು ಹಗ್ಗದ ತುದಿಯಲ್ಲಿ, ಏನೂ ಅವಸರವಿಲ್ಲದವರಂತೆ, ನನ್ನನ್ನು ನೋಡುತ್ತಿದ್ದರು.

"ಒತ್ತು ತಂಗಿ" ಎಂದೆ.

ಅವಳು ಒತ್ತಿದಳು. ತುಣುಕುಗಳು ಎದ್ದು ನೆರಳುಮನೆಯ ಕಡೆ ತಿರುಗಿದವು.

"ಅಡಿವೆಪ್ಪ" ಎಂದೆ.

ಕೂಗಲಿಲ್ಲ. ನಾಲ್ಕು ಓಣಿಗೆ ಕೇಳುವ ನನ್ನ ದನಿ ಆವತ್ತು ನನಗೇ ಸರಿಯಾಗಿ ಕೇಳಿಸಲಿಲ್ಲ. ತುಣುಕುಗಳು ನಿಂತವು. ನಾನು ಇನ್ನೊಮ್ಮೆ, ಶಾಲೆಯಲ್ಲಿ ಮಾಸ್ತರು ಹಾಜರಿ ಹಾಕುವಾಗ ಅನ್ನುವ ಹಾಗೆ, ಅಕ್ಷರ ಬಿಡಿಸಿ ಹೇಳಿದೆ. "ಅಡಿವೆಪ್ಪ."

"ಓ" ಎಂದರು ಮೇಲಿನಿಂದ.

ತಲೆ ಮೊದಲು ಹೋಯಿತು, ಆಮೇಲೆ ಬೆನ್ನು, ಎದೆ, ಎರಡು ಕೈ. ಒಂದರ ಪಕ್ಕ ಒಂದು, ಸಂದು ಕಾಣದ ಹಾಗೆ, ಅವರೇ ಕಟ್ಟಿದ ಕಲ್ಲುಗೋಡೆಯಂತೆ ಕೂಡಿಕೊಂಡವು. ನನ್ನ ಕೈಯಲ್ಲಿದ್ದ ಹಗ್ಗ ಸಡಿಲಾಯಿತು. ಅವರ ಹಿಮ್ಮಡಿ ಒಣಮಣ್ಣಿನ ಹೆಂಟೆಯೊಂದನ್ನು ಪುಡಿಮಾಡಿ ನೆಲಕ್ಕೆ ಊರಿತು. ಆ ಸಪ್ಪಳ ಪೆಂಡಾಲಿನ ತುದಿಯವರಿಗೂ ಕೇಳಿಸಿತಂತೆ.

ಅವರು ಒಂದು ಹೆಜ್ಜೆ ಇಟ್ಟು, ನಿಂತು, ಮುಖ ಕಿವುಚಿದರು. "ಮೊಣಕಾಲು ನೋಯಾಕತ್ತೈತಿ" ಎಂದರು.

ನಾನು ಅಲ್ಲೇ ನೆಲಕ್ಕೆ ಕುಳಿತು, ಊರೆಲ್ಲ ನೋಡುತ್ತಿರುವಾಗಲೇ, ಅವರ ಮೊಣಕಾಲು ತಿಕ್ಕತೊಡಗಿದೆ. ಎಷ್ಟು ಭಾರವಿತ್ತು ಆ ಕಾಲು.